ಜೀವಂತ ಜೀವಿಗಳಿಂದ ಕಲಾಕೃತಿ ಮಾಡುವುದು ನೈತಿಕವಾಗಿ ಸರಿಯೇ?

ಜುಲೈಯಲ್ಲಿ ಚಿಕ್ಕಮಗಳೂರಿನಲ್ಲಿ ನಿಮ್ಮ ಪ್ರದರ್ಶನ. ಒಂದು ಕೃತಿ ಕಾಫಿ ಹೊಟ್ಟಿನಲ್ಲಿ ಅಣಬೆ ಎಳೆ ಹಬ್ಬಿಸಿದ ಶಿಲ್ಪ, ಇನ್ನೊಂದು ಚಿಟ್ಟೆಯ ಪ್ಯೂಪಾಕ್ಕೆ (ಹುಳು ಚಿಟ್ಟೆಯಾಗುವ ಮೊದಲಿನ ಕೋಶದ ಹಂತ) ಸೂಜಿ ಚುಚ್ಚಿ ರೆಕ್ಕೆಯ ಚುಕ್ಕಿ ಬದಲಿಸುವುದು. ಎರಡೂ ಸರಿಯೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಶಿಲ್ಪ ಮಾಡಿ, ಚಿಟ್ಟೆಯ ಕೆಲಸ ಕೈಬಿಡಿ.

ಪೋರ್ಚುಗಲ್‌ನ ಕಲಾವಿದೆ ಮಾರ್ತಾ ಡಿ ಮೆನೆಸೆಸ್ 2000ದ ಆಸುಪಾಸಿನಲ್ಲಿ ಹೀಗೆಯೇ ರೆಕ್ಕೆಯ ವಿನ್ಯಾಸ ಬದಲಿಸಿದ್ದರು. ಆದರೆ ಅದು ನಡೆದದ್ದು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಚಿಟ್ಟೆ ರೆಕ್ಕೆಯನ್ನೇ ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಗಳ ಜೊತೆ. ಬಾಡಿಗೆ ಹಾಲ್‌ನಲ್ಲಿ ಅಂಥ ಪಳಗಿದ ಕೈ ಸಿಗುವುದಿಲ್ಲ. ಪ್ಯೂಪಾದಿಂದ ಹೊರಬಂದ ಚಿಟ್ಟೆಯ ರೆಕ್ಕೆ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಮುದುಡಿರುತ್ತದೆ. ಅದು ತಲೆಕೆಳಗಾಗಿ ನೇತಾಡಿ, ರೆಕ್ಕೆಯ ನಾಳಗಳಿಗೆ ದ್ರವ ತುಂಬಿ, ಒಂದೆರಡು ಗಂಟೆ ಅಲ್ಲಾಡದೆ ಒಣಗಬೇಕು. ಆಗ ಯಾರಾದರೂ ಮುಟ್ಟಿದರೆ, ಕೆಳಗೆ ಬಿದ್ದರೆ, ರೆಕ್ಕೆ ಸೊಟ್ಟಗೇ ಗಟ್ಟಿಯಾಗುತ್ತದೆ. ಆಮೇಲೆ ಅದು ಹಾರುವುದೇ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ ಎಂಬುದನ್ನೂ ಗಮನದಲ್ಲಿಡಿ. ಚಿಟ್ಟೆ ತೋರಿಸಲೇಬೇಕಿದ್ದರೆ ಅಂಗಳದಲ್ಲಿ ಕರಿಬೇವು, ನಿಂಬೆ ಗಿಡ ಇಡಿ. ಮೊಟ್ಟೆ ಇಡಲು ಅವು ತಾವಾಗಿಯೇ ಬರುತ್ತವೆ.

ಇನ್ನು ಅಣಬೆ. ಅದಕ್ಕೆ ನರಮಂಡಲವಿಲ್ಲ, ನೋವಿನ ಪ್ರಶ್ನೆ ನನ್ನ ಮಟ್ಟಿಗೆ ಇಲ್ಲ. ಇಲ್ಲಿನ ಹೊಣೆ ನೋಡಲು ಬರುವವರ ಬಗ್ಗೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ತಂದ ಹೊಟ್ಟಿಗೆ, ಅದರ ಅರ್ಧದಷ್ಟು ಪ್ರಮಾಣದಲ್ಲಿ, ಕತ್ತರಿಸಿದ ಭತ್ತದ ಹುಲ್ಲು ಬೆರೆಸಿ ರಾತ್ರಿಯಿಡೀ ನೆನೆಸಿ. 80 ಡಿಗ್ರಿ ನೀರಿನಲ್ಲಿ ಎರಡು ಗಂಟೆ ಇಟ್ಟು ಬಸಿಯಿರಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಬೀಳಬಾರದು. ಆರಿದ ಮೇಲೆ 5 ಕೆಜಿ ಒದ್ದೆ ಮಿಶ್ರಣಕ್ಕೆ 200 ಗ್ರಾಂ ಆಯ್ಸ್ಟರ್ ಅಣಬೆ ಬೀಜ (ಧಾನ್ಯದ ಮೇಲೆ ಬೆಳೆಸಿದ ಅಣಬೆ ಎಳೆ) ಬೆರೆಸಿ ಅಚ್ಚಿಗೆ ತುಂಬಿ. 25 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಮೂರು ವಾರಕ್ಕೆ ಬಿಳಿ ಎಳೆ ಎಲ್ಲ ಕಡೆ ಹಬ್ಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಸಿರು ಬೂಸ್ಟು ಬರುವುದು ಹೆಚ್ಚು. ಹೆಚ್ಚಾಗಿ ಅದಕ್ಕೆ ಕಾರಣ ನೀರು ಸರಿಯಾಗಿ ಬಸಿಯದೆ ಇರುವುದು, ಇಲ್ಲವೇ ಹೊಟ್ಟು ಸಾಕಷ್ಟು ಬೇಯದೆ ಇರುವುದು. ಹಸಿರು ಕಂಡ ಅಚ್ಚನ್ನು ಬಿಚ್ಚದೆ ಹೊರಗೆ ಹಾಕಿ.

ಎಳೆಯನ್ನು ಜೀವಂತ ಬಿಟ್ಟರೆ ಪ್ರದರ್ಶನದ ನಡುವೆಯೇ ಅಣಬೆ ಅರಳಿ, ಮುಚ್ಚಿದ ಕೋಣೆಯಲ್ಲಿ ಅದರ ಧೂಳಿನಂಥ ಬೀಜಕಗಳು ಹಾರುತ್ತವೆ. ಉಬ್ಬಸ ಇರುವವರಿಗೆ ಅದು ತೊಂದರೆಯೇ. ಆದ್ದರಿಂದ ಎಳೆ ಹಬ್ಬಿದ ಕೂಡಲೇ 80–90 ಡಿಗ್ರಿಯ ಓವನ್‌ನಲ್ಲಿ ತಿರುಳಿನವರೆಗೂ ಒಣಗಿಸಿ. ಜುಲೈ ಬಿಸಿಲನ್ನು ನಂಬಬೇಡಿ. ಒಣಗಿಸುವುದೆಂದರೆ ಕೊಲ್ಲುವುದೇ. ಅದನ್ನು ಕೃತಿಯ ಪಕ್ಕದ ಫಲಕದಲ್ಲಿ ನೇರವಾಗಿ ಬರೆಯಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಲಾವಿದರಾದ ಓರನ್ ಕ್ಯಾಟ್ಸ್ ಮತ್ತು ಇಯೊನಾಟ್ ಜುರ್ 2004ರಲ್ಲಿ ಜೀವಕೋಶಗಳಿಂದ ಪುಟ್ಟ ಕೋಟು ಬೆಳೆಸಿ, ‘ಬಲಿಯಿಲ್ಲದ ಚರ್ಮ’ ಎಂಬ ಅರ್ಥದ ಹೆಸರಿಟ್ಟರು. ಆ ಕೋಶಗಳ ಆಹಾರದಲ್ಲಿ ಬಳಸುತ್ತಿದ್ದದ್ದು ಹುಟ್ಟದ ಕರುವಿನ ರಕ್ತದ ಸೀರಮ್. ಆ ಹೆಸರಿನೊಳಗಿನ ವಿರೋಧಾಭಾಸವನ್ನು ಕಲಾವಿದರು ಮುಚ್ಚಿಡಲಿಲ್ಲ. 2008ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿ ಕೋಟು ಮಿತಿಮೀರಿ ಬೆಳೆದಾಗ ಅದರ ಆಹಾರ ನಿಲ್ಲಿಸುವ ತೀರ್ಮಾನ ಪ್ರದರ್ಶನ ರೂಪಿಸಿದ ಕ್ಯುರೇಟರ್ ಹೆಗಲಿಗೆ ಬಿತ್ತು. ನಿಮ್ಮ ಕೃತಿಯಲ್ಲಿ ಆ ತೀರ್ಮಾನ ಯಾರದ್ದು, ಯಾವ ದಿನ ಎಂಬುದನ್ನು ಬೀಜ ಬೆರೆಸುವ ಮೊದಲೇ ಬರೆದಿಡಿ. ಹಾಳಾದ ಅಚ್ಚುಗಳನ್ನು ಕುದಿಯುವ ನೀರಿನಲ್ಲಿ ಒಂದು ಗಂಟೆ ಬೇಯಿಸಿ ತೋಟದ ಗೊಬ್ಬರದ ಗುಂಡಿಗೆ ಹಾಕಬಹುದು.