‘ಕೋಡ್ ಓಡ್ತಿಲ್ಲ’ ಅಂತ ಕೇಳಿದ್ರೆ ಯಾರೂ ಯಾಕೆ ಉತ್ತರ ಕೊಡಲ್ಲ?
ಶಿವಮೊಗ್ಗದಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದ್ದೀರಿ, ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದು ‘ಓಡ್ತಿಲ್ಲ, ಸಹಾಯ ಮಾಡಿ’ ಅಂತ ಆನ್‌ಲೈನ್ ಗುಂಪಲ್ಲಿ ಕೇಳಿದರೆ ಯಾರೂ ಮಾತಾಡ್ತಿಲ್ಲ ಅಂದಿದ್ದೀರಿ. ಅದು ಅವರ ಸೊಕ್ಕಲ್ಲ. ಅಷ್ಟರಲ್ಲಿ ತಪ್ಪು ಹಿಡಿಯೋಕೆ ಆಗಲ್ಲ. ಎರರ್‌ನ ಕೊನೆಯ ಸಾಲನ್ನು ಹಾಗೇ ಕಾಪಿ ಮಾಡಿ ಹಾಕಿ. ಅದು ‘ಟೈಪ್‌ಎರರ್’ (ಹೊಂದದ ಬಗೆಯ ಮೌಲ್ಯ ಬಳಸಿದಾಗ ಬರುವ ಎರರ್) ಆಗಿದ್ದರೆ ಕಾರಣ ಬಹುಶಃ ಇಷ್ಟೇ: ಪೈಥಾನ್ 3ರಲ್ಲಿ ‘ಇನ್‌ಪುಟ್’ (ನಾವು ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಆದೇಶ) ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಸಂಖ್ಯೆಯಲ್ಲ. ಕ್ವಿಂಟಾಲನ್ನೂ ಧಾರಣೆಯನ್ನೂ ‘ಫ್ಲೋಟ್’ (ದಶಮಾಂಶ ಸಂಖ್ಯೆ) ಮಾಡದೆ ಗುಣಿಸಿದರೆ ಅಲ್ಲೇ ನಿಲ್ಲುತ್ತದೆ. ಇಡೀ ಫೈಲ್ ಬೇಡ, ತಪ್ಪು ಕಾಣಿಸುವ ನಾಲ್ಕು ಸಾಲು ಸಾಕು. ಸ್ಕ್ರೀನಿನ ಫೋಟೊ ಮಾತ್ರ ದಯವಿಟ್ಟು ಹಾಕಬೇಡಿ, ಅದನ್ನು ಯಾರೂ ಓಡಿಸಿ ನೋಡಲಾಗದು. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಸರಿಹೋದ ಮೇಲೆ ಏನು ಬದಲಿಸಿದಿರಿ ಅಂತ ಅಲ್ಲೇ ಬರೆಯಿರಿ. ನಾಳೆ ತೀರ್ಥಹಳ್ಳಿಯ ಇನ್ನೊಬ್ಬರು ಅದೇ ಎರರ್ ಹುಡುಕಿಕೊಂಡು ಬರಬಹುದು.