ಅವ್ವನಿಗೆ ಓದು ಬರಲ್ಲ, ತಪಾಸಣೆಗೆ ಹೇಗೆ ಒಪ್ಪಿಸಲಿ?

ಪ್ರಶ್ನೆ: ಅವ್ವನಿಗೆ 54 ವರ್ಷ, ಶಾಲೆಗೆ ಹೋದವಳಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಸ್ತನ ಕ್ಯಾನ್ಸರ್ ಚೀಟಿ ಅಕ್ಕಿ ಡಬ್ಬದ ಮೇಲೆ ಹಾಗೇ ಬಿದ್ದಿದೆ. ತಪಾಸಣೆಗೆ ಕರೆದರೆ, "ನೋವಿಲ್ಲ ಏನಿಲ್ಲ, ನನಗೇನಾಗೈತಿ?" ಅಂತಾಳೆ. ಓದು ಬರದವರಿಗೆ ಹೇಗೆ ಮನದಟ್ಟು ಮಾಡಿಸುವುದು?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: "ನೋವಿಲ್ಲ" ಅನ್ನುವ ಆ ಮಾತೇ ನನಗೆ ಜಾಸ್ತಿ ಚಿಂತೆ. ಈ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಅವ್ವನಿಗೆ ಮೊದಲು ಇದನ್ನೇ ಹೇಳಿ.

ಓದಿನಿಂದ ಅನುಕೂಲ ಇದೆ, ನಿಜ. ಚೀಟಿ ಓದುವುದಷ್ಟೇ ಅಲ್ಲ. ಓದಿದವಳ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಒಬ್ಬಳೇ ಬಸ್ ಹತ್ತುತ್ತಾಳೆ, "ಎದೆಯಲ್ಲಿ ಗಂಟಿದೆ" ಅಂತ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳುತ್ತಾಳೆ. ಆದರೆ ಓದೊಂದೇ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು 100ಕ್ಕೆ ಒಬ್ಬರೂ ಇಲ್ಲ. ಓದಿದವರು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದಾರೆ, ಅಲ್ವಾ?

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಬಡವರ ಬಡಾವಣೆಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ನೋಡಿದರು. 50 ದಾಟಿದವರಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ನಿಮ್ಮವ್ವನ ವಯಸ್ಸೂ ಅದೇ.

ಚೀಟಿ ಅಲ್ಲೇ ಇರಲಿ. ಸೀರೆಯ ಎರಡು ಮಡಿಕೆಯ ಕೆಳಗೆ ಒಂದು ಅವರೆಕಾಳು ಇಟ್ಟು, ಹುಡುಕು ಅನ್ನಿ. ಬೆರಳ ತುದಿಯಿಂದ ಚುಚ್ಚುವುದಲ್ಲ. ಮೂರು ಬೆರಳಿನ ಮೆತ್ತನೆಯ ಭಾಗದಿಂದ ಒತ್ತಿ, ಸುತ್ತ ಆಡಿಸಬೇಕು. ಕಾಳು ಸಿಕ್ಕಾಗ, "ಇಂಥದ್ದು ಎದೆಯಲ್ಲೋ ಕಂಕುಳಲ್ಲೋ ಸಿಕ್ಕರೆ ಹೇಳು" ಅನ್ನಿ. ಚರ್ಮ ಗುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಳ್ಳುವುದು, ರಕ್ತ ಒಸರುವುದು, ಇವನ್ನೂ ಹೇಳಿ.

ಗಂಟು ಸಿಗದಿದ್ದರೂ ಆಸ್ಪತ್ರೆಯ ತಪಾಸಣೆ ಬಿಡಬೇಡಿ. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಣ್ಣು ಸಿಬ್ಬಂದಿ ಇರುವ ದಿನ ಕೇಳಿಕೊಂಡು ನೀವೂ ಜೊತೆಗೆ ಹೋಗಿ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಬೇಕೇ ಅಂತ ಡಾಕ್ಟರನ್ನು ಕೇಳಿ.

ಗಂಟು ಸಿಕ್ಕರೆ ಜಾತ್ರೆ ಮುಗಿಯಲಿ ಅಂತ ಕಾಯಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ನೋಡುವ ಸೂಜಿ ಪರೀಕ್ಷೆ ಮಾಡಿದರೆ ರೋಗ ಹರಡುತ್ತದೆ ಅನ್ನುವುದು ಸುಳ್ಳು ಭಯ. ಅದನ್ನು ಮಾಡಿಸಿದರೇ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗುವುದು.