ವಿಗಾರರು ಗುರಿಕಾರನಾಗು ಅನ್ನುತ್ತಾರೆ, ನನಗೆ ಆ ಯೋಗ್ಯತೆ ಇದೆಯೇ?

ಪ್ರಶ್ನೆ: ಬಹಳ ವರ್ಷ ಗಲ್ಫ್‌ನಲ್ಲಿದ್ದೆ. ಕುಡಿತ, ಇಸ್ಪೀಟು ಎಲ್ಲ ಆಯಿತು, ಚರ್ಚ್ ಕಡೆ ತಲೆ ಹಾಕಲಿಲ್ಲ. ಊರಿಗೆ ಬಂದ ಮೇಲೆ ಕುಡಿತ ಬಿಟ್ಟೆ, ಕುಮ್ಸಾರ್ (ಗುರುಗಳ ಬಳಿ ಪಾಪನಿವೇದನೆ) ಮಾಡಿದೆ. ಆದರೂ ಹಳೆಯ ಪಾಪಗಳೇ ನೆನಪಾಗಿ, ಹೋದಾಗಲೆಲ್ಲ ಅವನ್ನೇ ಹೇಳುತ್ತೇನೆ. ಈಗ ವಿಗಾರರು (ನಮ್ಮ ಚರ್ಚ್‌ನ ಪ್ರಧಾನ ಗುರುಗಳು) ವಾಳೆಯ (ಚರ್ಚ್‌ನ ಒಂದು ವಾರ್ಡಿನ) ಗುರಿಕಾರನಾಗು, ಅಂದರೆ ಮುಖಂಡನಾಗು, ಭಾನುವಾರ ಪೂಜೆಯಲ್ಲಿ ಬೈಬಲ್ ವಾಚನ ಮಾಡು ಅನ್ನುತ್ತಿದ್ದಾರೆ. ನನ್ನಂಥವನು ಬಲಿಪೀಠದ ಬಳಿ ನಿಲ್ಲಬಹುದೇ? ಜನ ಏನೆಂದಾರು?
– ಕಲ್ಯಾಣಪುರ ಸಮೀಪದ ಓದುಗ

ಉತ್ತರ: ಪೂಜೆಯಲ್ಲಿ ಪರಮಪ್ರಸಾದ (ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿ) ಸ್ವೀಕರಿಸುವ ಮುಂಚೆ ‘ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ’ ಎಂಬರ್ಥದ ಪ್ರಾರ್ಥನೆಯನ್ನು ಗುರುಗಳೂ ಜನರ ಜೊತೆಗೇ ಹೇಳುತ್ತಾರೆ. ಮತ್ತಾಯನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ಸೇನೆಯ ಶತಾಧಿಪತಿ ಯೇಸುವಿಗೆ ಆಡಿದ ಮಾತು ಅದು. ಹಾಗೆ ಹೇಳಿ ಯಾರೂ ಎದ್ದು ಮನೆಗೆ ಹೋಗುವುದಿಲ್ಲ, ಸಾಲು ಹಿಡಿದು ಮುಂದಕ್ಕೇ ಬರುತ್ತಾರೆ. ದೀಕ್ಷಾಸ್ನಾನ, ಪರಮಪ್ರಸಾದದಂಥ ಸಂಸ್ಕಾರದ ಬಲ ಅದನ್ನು ಕೊಡುವ ಗುರುಗಳ ಒಳ್ಳೆಯತನದ ಮೇಲೆ ನಿಂತಿಲ್ಲ ಎಂದು ಸಂತ ಅಗಸ್ತೀನರು ಅದನ್ನು ಒಪ್ಪದ ದೊನಾತಿಸ್ಟ್ ಪಂಗಡದವರ ಜೊತೆ ವರ್ಷಗಟ್ಟಲೆ ವಾದಿಸಿದರು. ಗುರುಗಳಿಗೇ ಈ ಮಾತು ಸಲ್ಲುವಾಗ, ವಾಚಕನಿಗೆ ಸಲ್ಲದೇ?

ಆದ್ದರಿಂದ ‘ಯೋಗ್ಯನಲ್ಲ ಅನಿಸುತ್ತದೆ’ ಎಂಬುದನ್ನು ಬದಿಗಿಟ್ಟು, ನಿಜವಾದ ಅಡ್ಡಿ ಏನಾದರೂ ಇದೆಯೇ ನೋಡಿ. ಈವರೆಗೆ ಹೇಳದೆ ಉಳಿದ ಗಂಭೀರ ಪಾಪವಿದ್ದರೆ ಮೊದಲು ಕುಮ್ಸಾರ್. ಮದುವೆ ಚರ್ಚ್‌ನಲ್ಲಿ ಆಗಿಲ್ಲದಿದ್ದರೆ ವಿಗಾರರಿಗೆ ಮೊದಲೇ ತಿಳಿಸಿ. ಇಸ್ಪೀಟಿನ ಕಾಲದ ಸಾಲ ಯಾರಿಗಾದರೂ ಬಾಕಿ ಇದ್ದರೆ ತೀರಿಸಲು ಶುರು ಮಾಡಿ. ಊರಿನಲ್ಲಿ ಜನರ ಬಾಯಿ ಮುಚ್ಚಿಸುವುದು ಕುಮ್ಸಾರ್ ಅಲ್ಲ, ವಾಪಸ್ ಬಂದ ದುಡ್ಡು. ಇದು ಯಾವುದೂ ಇಲ್ಲವೆಂದರೆ ನಿಮಗೆ ಅಡ್ಡಿ ಇಲ್ಲ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಬೇರೆ ಮಾತು: ಕ್ಷಮೆ ಸಿಕ್ಕ ಪಾಪವನ್ನೇ ಪದೇ ಪದೇ ಹೇಳುವುದು. ಇದು ಭಕ್ತಿ ಹೆಚ್ಚಾದುದರ ಗುರುತಲ್ಲ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲರು 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಟಕ್ಕೆ ಸಿಕ್ಕಿಬಿದ್ದಿದ್ದರು. ಎಲ್ಲ ಪಾಪಗಳನ್ನು ಬರೆದು ನಿವೇದಿಸಿದರೂ ಏನೋ ಬಿಟ್ಟುಹೋಯಿತೆಂಬ ಸಂಶಯ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆಯೇ ಅದು ಬಿಟ್ಟಿತು. ಪ್ರತಿ ಸಲ ಹೇಳಿದಾಗ ಒಂದೆರಡು ದಿನ ಹಗುರ ಅನಿಸುತ್ತದೆ. ಆ ಹಗುರಕ್ಕೆ ಮನಸ್ಸು ಒಗ್ಗುತ್ತದೆ, ಸಂಶಯ ಮೊದಲಿಗಿಂತ ಬೇಗ ಮರಳುತ್ತದೆ.

ಹಾಗಾಗಿ ಒಬ್ಬರೇ ಗುರುಗಳನ್ನು ಗೊತ್ತುಮಾಡಿಕೊಳ್ಳಿ. ಅವರು ನಿಮ್ಮ ವಿಗಾರರೇ ಆಗಬೇಕಿಲ್ಲ, ಕಥೋಲಿಕ ಧರ್ಮಸಭೆಯ ಕಾನೂನಿನ 991ನೇ ವಿಧಿ ಆಯ್ಕೆಯನ್ನು ನಿಮಗೇ ಬಿಟ್ಟಿದೆ. ಮೊದಲ ದಿನವೇ ‘ಫಾದರ್, ಇವನ್ನು ಈ ಹಿಂದೆ ಹೇಳಿದ್ದೇನೆ, ಆದರೂ ನೆಮ್ಮದಿ ಇಲ್ಲ’ ಎಂದುಬಿಡಿ. ತಿಂಗಳಿಗೊಂದು ದಿನ ನಿಗದಿ ಮಾಡಿ, ನಡುವೆ ಎದ್ದ ಹಳೆಯ ಸಂಶಯಕ್ಕಾಗಿ ಓಡಬೇಡಿ. ‘ಹಳೆಯದು ಬೇಡ’ ಎಂದು ಅವರು ಹೇಳಿದರೆ ಪಾಲಿಸಿ. ಮತ್ತೊಬ್ಬರ ಬಳಿ ಹೋಗಿ ಕೇಳಿದಿರೋ, ಕಥೆ ಮೊದಲಿಂದ ಶುರು. ಇದರ ಜೊತೆ ನಿದ್ದೆ ಕೆಟ್ಟರೆ, ಪ್ರಾರ್ಥನೆ ಸರಿಯಾಗಲಿಲ್ಲವೆಂದು ಎಣಿಸಿ ಎಣಿಸಿ ಮತ್ತೆ ಹೇಳುವಂತಾದರೆ, ಅದು ಗೀಳಿನ ಕಾಯಿಲೆಯೂ ಇರಬಹುದು, ಮನೋವೈದ್ಯರಿಗೆ ತೋರಿಸಿ. ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗುರಿಕಾರಿಕೆ. ವಾಳೆಯ ಗುರಿಕಾರನೆಂದರೆ ಮನೆ ಮನೆ ಓಡಾಟ: ಪ್ರಾರ್ಥನೆ, ಸಾವು, ಮೊಂತಿ ಫೆಸ್ತ್‌ನ (ತೆನೆಹಬ್ಬದ) ತಯಾರಿ. ಜೊತೆಗೆ ರೋಸ್‌ಗೂ (ಮದುವೆಗೆ ಮುಂಚಿನ ಶಾಸ್ತ್ರ) ಕರೆ ಬರುತ್ತದೆ. ಹಲವು ಮನೆಗಳಲ್ಲಿ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮುಗಿಯುವ ಹೊತ್ತಿಗೆ ಗ್ಲಾಸುಗಳು ಹೊರಬರುತ್ತವೆ. ಕುಡಿತ ಬಿಟ್ಟವರಿಗೆ ಅಪಾಯವಿರುವುದು ಪೀಠದ ಬಳಿ ಅಲ್ಲ, ಅಲ್ಲಿ! ಶಾಸ್ತ್ರಕ್ಕೆ ಹೋಗಿ, ಊಟಕ್ಕೆ ನಿಲ್ಲದೆ ಹೊರಡಿ. ಹಾಗೆ ಹೊರಡಲು ಇನ್ನೂ ಧೈರ್ಯವಿಲ್ಲದಿದ್ದರೆ ಗುರಿಕಾರಿಕೆಯನ್ನು ಈ ವರ್ಷ ಮುಂದೂಡಿ. ಇದು ಅಯೋಗ್ಯತೆಯಲ್ಲ, ವಿವೇಕ. ಕಾಣಿಕೆಯ ಹಣ ಎಣಿಸುವಾಗ ಮಾತ್ರ ಒಬ್ಬರೇ ಕೂರಬೇಡಿ. ಹಳೆಯ ಹೆಸರು ಏನೇ ಇರಲಿ, ಅದು ಯಾರಿಗೂ ಒಳ್ಳೆಯದಲ್ಲ.

ವಾಚನದಿಂದಲೇ ಆರಂಭಿಸುವುದು ಒಳ್ಳೆಯದು. ಭಾನುವಾರದ ಮೊದಲ ವಾಚನ ಸಾಮಾನ್ಯವಾಗಿ ಎರಡು ಮೂರು ನಿಮಿಷ. ಬುಧವಾರವೇ ಪಾಠ ತೆಗೆದು ದಿನಕ್ಕೊಮ್ಮೆ ನಿಂತು ಗಟ್ಟಿಯಾಗಿ ಓದಿ, ತಡವರಿಸುವ ಹೆಸರುಗಳಿಗೆ ಪೆನ್ಸಿಲ್ ಗೆರೆ ಹಾಕಿ. ಪವಿತ್ರಾತ್ಮ ಇಳಿದ ಹಬ್ಬವಾದ ಪೆಂತೆಕೋಸ್ತ್ ದಿನದ ವಾಚನದಲ್ಲಿ ಊರು ಜನಾಂಗಗಳ ಹೆಸರಿನ ಸಾಲೇ ಇದೆ, ಹಳಬರೂ ಅಲ್ಲಿ ಎಡವುತ್ತಾರೆ. ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಕೈ ನಡುಗಿದರೆ ವೇದಿಕೆಯ ಅಂಚು ಹಿಡಿದುಕೊಳ್ಳಿ. ಮೊದಲ ವಾಕ್ಯ ನಿಧಾನವಾದರೆ ಉಳಿದದ್ದು ತಾನೇ ಹಳಿಗೆ ಬರುತ್ತದೆ. ಆಡಿಕೊಳ್ಳುವವರು ಮೊದಮೊದಲು ಆಡಿಕೊಳ್ಳುತ್ತಾರೆ. ಸಮಜಾಯಿಷಿ ಕೊಡಲು ಹೋದರೆ ಮಾತು ಬೆಳೆಯುತ್ತದೆ.

ವಿಗಾರರಿಗೆ ‘ನಾನು ಯೋಗ್ಯನಲ್ಲ’ ಎಂದರೆ ಅವರು ವಿನಯವೆಂದುಕೊಂಡು ಇನ್ನಷ್ಟು ಒತ್ತಾಯಿಸುತ್ತಾರೆ. ಬದಲಿಗೆ ಹೀಗೆ ಹೇಳಿ: ‘ಫಾದರ್, ಮೂರು ತಿಂಗಳು ತಿಂಗಳಿಗೊಂದು ವಾಚನ ಮಾಡುತ್ತೇನೆ. ನಾನು ಕುಡಿತ ಬಿಟ್ಟವನು, ರೋಸ್ ಮನೆಗಳಲ್ಲಿ ನಿಲ್ಲಲಾರೆ. ಗುರಿಕಾರಿಕೆಯ ಮಾತು ಆಮೇಲೆ ನೋಡೋಣ.’